ತೋಳಿನ ಕಲೆಯೂ ಶಾಲೆಯ ಪುಸ್ತಕವೂ

ನಮ್ಮ ಹಿರಿಯರ ತೋಳಿನ ಮೇಲೆ ಸಿಡುಬಿನ ದಾಕಿನ ಕಲೆಯನ್ನು ಕಾಣದವರು ವಿರಳ. ಆ ಕಲೆಯೇ ಒಂದು ದಾಖಲೆಯಾಗಿದ್ದಿತು. ಅದು ಮಳೆಗೆ ನೆನೆಯುವಂತಿರಲಿಲ್ಲ, ಗೆದ್ದಲಿಗೆ ತುತ್ತಾಗುವಂತಿರಲಿಲ್ಲ; ಮಗುವಿನ ತೋಳನ್ನು ನೋಡಿದರೆ ಉಪಾಧ್ಯಾಯರಿಗೆ ವಿಷಯ ತಿಳಿಯುತ್ತಿದ್ದಿತು. 1977ರಲ್ಲಿ ಭಾರತವು ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು. ಬಳಿಕ ಆ ದಾಕೂ ನಿಂತಿತು. ಇಂದು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರಗಳ ವಿರುದ್ಧ ಕೊಡುವ ಲಸಿಕೆಗಳು ಮೈಮೇಲೆ ಅಂಥ ಗುರುತನ್ನು ಉಳಿಸುವುದಿಲ್ಲ. ಕಾಗದವೊಂದೇ ಸಾಕ್ಷಿ. ಆ ಸಾಕ್ಷಿಯು ಶಾಲೆಯ ಹೊಸ್ತಿಲಲ್ಲಿ ಮೂಕವಾಗುತ್ತಿದೆಯೆಂಬುದೇ ನನ್ನ ಚಿಂತೆ.

ಅಂಕಿಗಳನ್ನು ನೋಡಿದರೆ ಚಿಂತೆಗೆ ಕಾರಣವಿಲ್ಲವೆಂದು ತೋರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 84 ಮಕ್ಕಳಿಗೆ ಮೂಲ ಲಸಿಕೆಗಳೆಲ್ಲ ದೊರೆತಿವೆ. ಆದರೆ ಈ ಲೆಕ್ಕ 12ರಿಂದ 23 ತಿಂಗಳೊಳಗಿನ ಮಕ್ಕಳದು. ಅದರಲ್ಲಿಯೂ ಕಾರ್ಡು ಇಲ್ಲದೆಡೆ ತಾಯಿಯ ನೆನಪನ್ನೇ ಆಧಾರವಾಗಿ ಹಿಡಿದಿದ್ದಾರೆ. ಒಂದನೆಯ ತರಗತಿಯಲ್ಲಿ ಕುಳಿತ ಆರು ವರ್ಷದ ಮಗು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಆ ವಯಸ್ಸು ಉಪೇಕ್ಷಿಸತಕ್ಕದ್ದಲ್ಲ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ತ್ರಿಗುಣ ಲಸಿಕೆಯ ಎರಡನೆಯ ವರ್ಧಕವನ್ನು ಕೊಡಬೇಕಾದುದು ಐದರಿಂದ ಆರು ವರ್ಷದೊಳಗೆ. ಏಳು ತುಂಬಿದ ಮೇಲೆ ಸರ್ಕಾರದ ಕಾರ್ಯಕ್ರಮದಲ್ಲಿ ಅದನ್ನು ಕೊಡುವುದಿಲ್ಲ. ಶೈಶವದಲ್ಲಿ ದೊರೆತ ರಕ್ಷಣೆ ಕಾಲಕ್ರಮದಲ್ಲಿ ಕುಗ್ಗುತ್ತದೆ. ನಮ್ಮ ದೇಶದಲ್ಲಿ ಗಂಟಲಮಾರಿಯು ಈಗ ಐದು ದಾಟಿದ ಮಕ್ಕಳಲ್ಲಿಯೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿರುವುದಕ್ಕೆ ಇದೂ ಒಂದು ಕಾರಣ.

ಮಗು ಅಂಗನವಾಡಿಯಲ್ಲಿರುವವರೆಗೆ ಆಶಾ ಕಾರ್ಯಕರ್ತೆಯೂ ಆರೋಗ್ಯ ಸಹಾಯಕಿಯೂ ಅದರ ಹೆಸರನ್ನು ಬಲ್ಲರು. ಶಾಲೆಗೆ ಸೇರುವಾಗ ಜನನ ಪ್ರಮಾಣಪತ್ರವನ್ನು ಕೇಳುವುದುಂಟು. ತಾಯಿ ಕಾರ್ಡನ್ನು ಕೇಳುವುದು ಅಪರೂಪ. ಒಂದು ಪುಸ್ತಕ ಮುಗಿದು ಇನ್ನೊಂದು ಆರಂಭವಾಗುವ ಈ ಸಂಧಿಯಲ್ಲಿ ಮಗು ಜಾರಿಬೀಳುತ್ತದೆ. ಕಲಬುರಗಿ, ಯಾದಗಿರಿಗಳಿಂದ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬರುವ ಕುಟುಂಬಗಳ ಮಕ್ಕಳ ಪಾಡಂತೂ ಹೇಳತೀರದು. ಕಾರ್ಡು ಒಂದು ಊರಿನಲ್ಲಿ, ಮಗು ಇನ್ನೊಂದು ಊರಿನಲ್ಲಿ.

2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ನಮ್ಮ ಶಾಲೆಗಳಿಗೆ ಬಂದಿತು. ಹದಿನೈದು ವರ್ಷದೊಳಗಿನ ಮಕ್ಕಳಿಗೆ, ಹಿಂದೆ ಲಸಿಕೆಯಾಗಿತ್ತೋ ಇಲ್ಲವೋ ಎಂದು ನೋಡದೆ, ಒಂದು ಚುಚ್ಚುಮದ್ದನ್ನು ಕೊಟ್ಟರು. ಅಭಿಯಾನಕ್ಕೆ ಹಳೆಯ ದಾಖಲೆ ಬೇಡ. ಆದರೆ ಅಭಿಯಾನ ನಿತ್ಯ ನಡೆಯುವಂಥದಲ್ಲ. ನಿತ್ಯದ ಕೆಲಸಕ್ಕೆ ದಾಖಲೆಯೇ ಪ್ರಾಣ.

ಕಾರ್ಡು ಕೇಳತೊಡಗಿದರೆ ಬಡವರ ಮಕ್ಕಳು ಶಾಲೆಯಿಂದ ಹೊರಗುಳಿದಾರು ಎಂಬ ಆಕ್ಷೇಪಣೆ ಬರಬಹುದು. ಅದು ಯೋಗ್ಯವಾದ ಆಕ್ಷೇಪಣೆಯೇ. ವಯಸ್ಸಿನ ಪುರಾವೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಲಸಿಕೆಯ ವಿಷಯದಲ್ಲಿಯೂ ಅದೇ ನ್ಯಾಯ ಸಲ್ಲಬೇಕು. ಮಗುವನ್ನು ಮೊದಲು ಸೇರಿಸಿಕೊಳ್ಳಲಿ, ಕಾರ್ಡನ್ನು ಅನಂತರ ಕೇಳಲಿ. ಕಾರ್ಡು ಇಲ್ಲದ ಮಕ್ಕಳ ಪಟ್ಟಿಯನ್ನು ಜೂನ್ ತಿಂಗಳಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಲಿ. ಯು-ವಿನ್ ಎಂಬ ಗಣಕ ದಾಖಲೆ ಈಗ ಬಂದಿರುವುದು ಸಂತೋಷ. ಆದರೆ ಕೇಳುವವರಿಲ್ಲದಿದ್ದರೆ ಗಣಕವೂ ಕಾಗದದಂತೆಯೇ ಮೂಕ.

ಉಪಾಧ್ಯಾಯರ ಹೊರೆ ಈಗಾಗಲೇ ಭಾರವಾಗಿದೆಯೆಂಬುದನ್ನು ನಾನು ಬಲ್ಲೆ. ಆದರೂ ದಾಖಲಾತಿ ಪುಸ್ತಕದಲ್ಲಿ ಇದಕ್ಕೆ ಬೇಕಾದುದು ಒಂದು ಅಂಕಣ ಮಾತ್ರ. ಹಾಜರಿ ಕೂಗುವಾಗ ಪ್ರತಿಯೊಂದು ಹೆಸರಿಗೂ ಉತ್ತರ ಬರಬೇಕೆಂದು ಬಯಸುವವರು ಆ ಅಂಕಣವನ್ನು ಖಾಲಿ ಬಿಡಲಾರರು.