ಇಂಗ್ಲಿಷ್ ಎಣಿಸಿದ್ದು ಸಾಕು

ಮಾನ್ಯ ಸಂಪಾದಕರೇ,

‘ವೀಕೆಂಡ್ ವಿತ್ ರಮೇಶ್’ ಟಿ.ವಿ. ಕಾರ್ಯಕ್ರಮದಲ್ಲಿ ನಟಿ ರಮ್ಯಾ ಎಷ್ಟು ಇಂಗ್ಲಿಷ್ ಮಾತಾಡಿದರು ಎಂಬುದೇ ವಾರವಿಡೀ ನಿಮ್ಮ ಓದುಗರ ಅಂಕಣದ ಚರ್ಚೆ. ಶಿವಮೊಗ್ಗದ ಮಹನೀಯರೊಬ್ಬರಂತೂ, ಆತ್ಮಹತ್ಯೆಯ ಯೋಚನೆ ಬಂದಿತ್ತೆಂಬ ರಮ್ಯಾ ಅವರ ಮಾತನ್ನೇ ‘ಚುನಾವಣೆ ಹೊತ್ತಿನ ನಾಟಕ’ ಎಂದು ತೀರ್ಪು ಕೊಟ್ಟಿದ್ದಾರೆ. ನೀವು ಅದಕ್ಕೆ ಚೌಕಟ್ಟು ಬೇರೆ ಕಟ್ಟಿದ್ದೀರಿ. ಭಲೇ!

ಆಕೆ 2013ರಲ್ಲಿ ತಂದೆಯನ್ನು ಕಳೆದುಕೊಂಡ ಬೆನ್ನಲ್ಲೇ ಮಂಡ್ಯದಿಂದ ಗೆದ್ದು ಸಂಸತ್ತಿಗೆ ಹೋದವರು, ಮರುವರ್ಷವೇ ಸೋತವರು. ಬದುಕು ಬೇಡವೆನಿಸಿದ್ದಾಗ ರಾಹುಲ್ ಗಾಂಧಿ ಧೈರ್ಯ ತುಂಬಿದರು ಎಂದರು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಮಿಕ್ಕಿದ್ದು ಯಾರಿಗೂ ಕೇಳಿಸಲಿಲ್ಲ. ಅವರ ಪಕ್ಷಕ್ಕೆ ನಾನು ಓಟು ಹಾಕಿದವನಲ್ಲ. ಆದರೆ ಸಾಯಬೇಕೆನಿಸಿತ್ತು ಎನ್ನುವ ಹೆಣ್ಣುಮಗಳ ಎದುರು ಕೂತು ಇಂಗ್ಲಿಷ್ ಪದ ಎಣಿಸುವಷ್ಟು ಕನ್ನಡಾಭಿಮಾನ ನನಗಿನ್ನೂ ಬಂದಿಲ್ಲ.

2015ರಲ್ಲಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆ ಬಗ್ಗೆ ಹೇಳಿಕೊಂಡಾಗಲೂ ಪ್ರಚಾರವೆಂದವರಿದ್ದರು. ‘ಬಿಗ್ ಬಾಸ್’ನ ಜಯಶ್ರೀ ರಾಮಯ್ಯ 2020ರಲ್ಲಿ ಬಹಿರಂಗವಾಗಿ ಗೋಳು ತೋಡಿಕೊಂಡು, ಇದು ಪ್ರಚಾರಕ್ಕಲ್ಲ ಎಂದು ತಾವೇ ಸಮಜಾಯಿಷಿ ಕೊಡಬೇಕಾಯಿತು. 2021ರ ಜನವರಿಯಲ್ಲಿ ತೀರಿಕೊಂಡರು. ಆಗ ಮರುಗಿದವರೇ ಈಗ ನಾಟಕ ಎನ್ನುತ್ತಿದ್ದಾರೆ.

ಅದೂ ಶಿವಮೊಗ್ಗದಿಂದ! ಮನೋವೈದ್ಯ ಡಾ. ಅಶೋಕ್ ಪೈ ಅವರ ಊರಿನಿಂದ! ಮನಸ್ಸಿನ ಕಾಯಿಲೆ ಬಗ್ಗೆ ಜನ ಕಿವಿಗೊಡಲೆಂದು ‘ಕಾಡಿನ ಬೆಂಕಿ’, ‘ಆಘಾತ’ದಂಥ ಸಿನಿಮಾಗಳ ಬೆನ್ನಿಗೆ ನಿಂತವರು ಅವರು. ಅವರು ಹೋದದ್ದು 2016ರಲ್ಲಿ.

ನಮ್ಮ ಭದ್ರಾವತಿಯ ಕತೆ ನಿಮಗೆ ಗೊತ್ತೇ ಇದೆ. ಕಾಗದದ ಕಾರ್ಖಾನೆ ಎಂಪಿಎಂ ಮುಚ್ಚಿತು. 2023ರಲ್ಲಿ ಉಕ್ಕಿನ ಕಾರ್ಖಾನೆ ವಿಐಎಸ್ಎಲ್ ಕೂಡ ಬೇಡವೆಂದರು. ಆ ಜನವರಿಯಿಂದ ಕಾರ್ಮಿಕರು ಧರಣಿ ಕೂತರು. ಇಲ್ಲಿ ರಾತ್ರಿ ನಿದ್ದೆಯಿಲ್ಲದ ಗಂಡಸರು ಮನೆಯಲ್ಲಿ ‘ಗ್ಯಾಸ್ಟ್ರಿಕ್ಕು’ ಅಂತಾರೆ. ಮನೋವೈದ್ಯರನ್ನು ನೋಡಲು ಕದ್ದು ಶಿವಮೊಗ್ಗದ ಬಸ್ಸು ಹತ್ತುತ್ತಾರೆ, ನೆಂಟರು ಎದುರಾದರೆ ಹಲ್ಲುನೋವು ಎನ್ನುತ್ತಾರೆ. ಶಿವಮೊಗ್ಗದವರು ಇದೇ ಕಾರಣಕ್ಕೆ ದಾವಣಗೆರೆಗೆ ಹೋಗುತ್ತಾರೆ ಅನ್ನಿ. ಸಂಸದೆಯಾಗಿದ್ದವರಿಗೇ ಈ ಮರ್ಯಾದೆಯಾದರೆ ಫರ್ನೇಸಿನ ಗುತ್ತಿಗೆ ನೌಕರ ಬಾಯಿ ಬಿಡುತ್ತಾನೆಯೇ?

ಇನ್ನು ನಿಮ್ಮದೇ ವಿಷಯ. ಯಾರಾದರೂ ಜೀವ ಕಳೆದುಕೊಂಡರೆ ಎಲ್ಲಿ, ಹೇಗೆ ಎಂದು ಇಂಚಿಂಚೂ ಬರೆಯುತ್ತೀರಿ, ಮನೆಯವರು ಅಳುವ ಫೋಟೊ ಸಮೇತ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರಬೇಕೆಂಬ ಸರ್ಕಾರದ ‘ಮನೋಚೈತನ್ಯ’ ಯೋಜನೆಯ ಬಗ್ಗೆ ನಿಮ್ಮಲ್ಲಿ ಓದಿದ ನೆನಪಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ನಿಮ್ಮ ಪುಟದಲ್ಲಿ ಕಾಣಲಿಲ್ಲ. ಲಿಂಗನಮಕ್ಕಿ ನೀರಿನ ಮಟ್ಟ, ಅಡಿಕೆ ಧಾರಣೆ ದಿನಾ ಹಾಕುತ್ತೀರಲ್ಲ, ಅದರ ಪಕ್ಕ ಈ ಐದು ಅಂಕಿ ಹಿಡಿಸುವುದಿಲ್ಲವೇ? ಜಾಗವಿಲ್ಲವೆಂದರೆ ನನ್ನ ಪತ್ರ ಬಿಟ್ಟುಬಿಡಿ, ನಂಬರು ಹಾಕಿ.

– ನಿವೃತ್ತ ಕಾರ್ಮಿಕ, ಕಾಗದನಗರ, ಭದ್ರಾವತಿ