ಸುಳ್ಳುಬುರುಕರಿಗೆ ಇಂಗ್ಲಿಷ್ ಮರ್ಯಾದೆ ಯಾಕೆ?

ಮೊನ್ನೆ ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಕರಪತ್ರ ಮಾಡಿಸಲು ಬಂದ. ಕನ್ನಡಿಗರಿಗೆ ಉದ್ಯೋಗ ಕೊಡಿ ಎಂಬ ಹೋರಾಟದ ಕರಪತ್ರ. ತಲೆಬರಹ ಮಾತ್ರ ‘ಫ್ರಾಡ್ ರಾಜಕಾರಣಿಗಳಿಗೆ ಧಿಕ್ಕಾರ!’

‘ಸುಳ್ಳುಬುರುಕ ಅಂತ ಹಾಕಪ್ಪ’ ಎಂದೆ.

‘ಅದು ಹಳ್ಳಿ ಮಾತು ಅಣ್ಣಾ, ಬೆಂಗ್ಳೂರಲ್ಲಿ ಯಾರು ಓದ್ತಾರೆ?’

ಎಲಾ ತಮ್ಮ! ಬೆಂಗಳೂರು ಕಟ್ಟಿದ ಕೆಂಪೇಗೌಡನ ವಂಶ ಆಮೇಲೆ ಆಳಿದ್ದು ಇದೇ ಮಾಗಡಿಯಿಂದ. ಇಲ್ಲಿನ ಮಾತು ಬೆಂಗಳೂರಿಗೆ ಬೇಡವಾಯಿತೇ?

ಯುವಮಿತ್ರರೇ, ಕನ್ನಡದಲ್ಲಿ ಒಮ್ಮೆ ಸುಳ್ಳಾಡಿದವನು ಬೇರೆ, ಸುಳ್ಳುಬುರುಕ ಬೇರೆ. ಅಂಜಿದವರೆಲ್ಲ ಅಂಜುಬುರುಕರಲ್ಲ, ಅತ್ತವರೆಲ್ಲ ಅಳುಬುರುಕರಲ್ಲ. ‘ಬುರುಕ’ ಅಂಟಿತೆಂದರೆ ಅದು ಚಾಳಿ, ಬಿಟ್ಟರೂ ಬಿಡದ ಚಾಳಿ. ‘ಫ್ರಾಡ್’ ಎಂಬ ಪದಕ್ಕೆ ಈ ತೂಕ ಎಲ್ಲಿದೆ?

ಇದಕ್ಕಿಂತ ಹಳೆಯದು ‘ಹುಸಿ’. ಹಳಗನ್ನಡದಲ್ಲಿ ಅದು ‘ಪುಸಿ’. ಪಾಲು ಹಾಲಾಯಿತು, ಪೂ ಹೂವಾಯಿತು, ಪುಸಿ ಹುಸಿಯಾಯಿತು. ತಮಿಳಿನ ‘ಪೊಯ್’ ಇದರ ದಾಯಾದಿ. 12ನೇ ಶತಮಾನದಲ್ಲಿ ಬಸವಣ್ಣ ಬಳಸಿದ್ದೂ ಈ ಹುಸಿಯನ್ನೇ. ಹುಸಿಯನ್ನೇ ಕಸುಬು ಮಾಡಿಕೊಂಡವನು ‘ಹುಸಿಗ’. ಲೆಕ್ಕ ಬರೆಯುವವನು ಲೆಕ್ಕಿಗ, ಕನ್ನಡದವನು ಕನ್ನಡಿಗ. ಅದೇ ‘ಇಗ’! ನಮ್ಮ ಹೆಸರಿನ ಬಾಲವೇ ಅವನಿಗೂ ಇದೆ, ಏನು ಮಾಡೋಣ?

ಇನ್ನು ನಮ್ಮ ಕಡೆಯ ‘ಬುರುಡೆ’. ಒಣಗಿದ ಸೋರೆಬುರುಡೆ ನೋಡಿದ್ದೀರಾ? ಹೊರಗೆ ದಪ್ಪ, ಒಳಗೆ ಟೊಳ್ಳು. ಟೊಳ್ಳು ಮಾತಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ಕಾಸರಗೋಡಿನ ಹವ್ಯಕರ ಮನೆಗೆ ಹೋಗಿ, ಅಲ್ಲಿ ಸುಳ್ಳಿಗೆ ‘ಲೊಟ್ಟೆ’ ಎನ್ನುತ್ತಾರೆ. ಇಷ್ಟೆಲ್ಲ ಇಟ್ಟುಕೊಂಡು ಬೈಯುವುದಕ್ಕೂ ಸಾಲ ತರಬೇಕೆ?

ಬೈಯಬೇಕಾದವರಂತೂ ಕಣ್ಣ ಮುಂದೆಯೇ ಇದ್ದಾರೆ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ 58 ಶಿಫಾರಸು ಕೊಟ್ಟಿತು. ಸರ್ಕಾರ 45ನ್ನು ಒಪ್ಪಿತು. ಒಪ್ಪಿದ್ದೇ ಬಂತು! 2024ರ ಜುಲೈ 15ರಂದು ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಕೂಗೆಬ್ಬಿಸಿದರು. 17ಕ್ಕೆ ತಡೆ! ಎರಡೇ ದಿನದ ಬಾಳು.

ಚುನಾವಣೆ ಬಂದಾಗಲೆಲ್ಲ ‘ಕನ್ನಡಿಗರಿಗೆ ಕೆಲಸ’ ಎಂಬ ಕರಪತ್ರ ನಾನೇ ಅಚ್ಚು ಹಾಕಿದ್ದೇನೆ. ಫೋಟೋ ಬದಲು, ಚಿಹ್ನೆ ಬದಲು, ಮ್ಯಾಟರು ಅದೇ. (ಬಿಲ್ಲು ವಸೂಲಾಯಿತೇ ಎಂದು ದಯವಿಟ್ಟು ಕೇಳಬೇಡಿ.) ಒಮ್ಮೆ ಹೇಳಿ ತಪ್ಪಿದ್ದರೆ ಮರೆವು ಎನ್ನಬಹುದಿತ್ತು. ಸುಮಾರು ನಲವತ್ತು ವರ್ಷ ಅದೇ ಮ್ಯಾಟರು ಓಡಿಸುವವರಿಗೆ ಕನ್ನಡದಲ್ಲಿ ಹೆಸರಿದೆಯಲ್ಲ!

ಹುಡುಗನ ಕರಪತ್ರ ಕೊನೆಗೆ ‘ಸುಳ್ಳುಬುರುಕ ರಾಜಕಾರಣಿಗಳಿಗೆ ಧಿಕ್ಕಾರ’ ಎಂದೇ ಅಚ್ಚಾಯಿತು. ಸಾವಿರ ಪ್ರತಿ. ಮೆಜೆಸ್ಟಿಕ್ಕಿನಲ್ಲಿ ಹಂಚಲು ಒಯ್ದಿದ್ದಾನೆ.