ಮಾತ್ರೆ ಕೊಟ್ಟೆವು, ಇನ್ನೇನು ಬೇಕು?

ಎಚ್.ಐ.ವಿ. ಸೋಂಕಿತರ ವಿಷಯ ಬಂದಾಗಲೆಲ್ಲ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ವಿದ್ಯಾವಂತರ ಬಾಯಿಂದ ಹೊರಡುವ ಮಾತೊಂದಿದೆ: ‘ಸರ್ಕಾರ ಮಾತ್ರೆಯನ್ನು ಪುಕ್ಕಟೆಯಾಗಿ ಕೊಡುತ್ತಿದೆಯಲ್ಲ, ಇನ್ನೇನು ಬೇಕಂತೆ ಅವರಿಗೆ?’ ಮದುವೆ ಮನೆಯ ಪಂಕ್ತಿಯಲ್ಲಿಯೂ ಇದನ್ನು ಕೇಳಿದ್ದೇನೆ, ನಿವೃತ್ತರ ಸಭೆಯಲ್ಲಿಯೂ ಕೇಳಿದ್ದೇನೆ. ಇದು ಅರ್ಧ ಸತ್ಯ. ಅರ್ಧ ಸತ್ಯವನ್ನು ಪೂರ್ಣ ಸತ್ಯವೆಂದು ನಂಬುವುದರಿಂದ ಆಗುವ ಅನಾಹುತ ಸುಳ್ಳಿನಿಂದ ಆಗುವುದಕ್ಕಿಂತ ಕಡಿಮೆಯೇನಲ್ಲ.

ಸತ್ಯದ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. 2001ರಲ್ಲಿ ನಮ್ಮದೇ ಸಿಪ್ಲಾ ಕಂಪನಿ ಒಬ್ಬ ರೋಗಿಯ ಒಂದು ವರ್ಷದ ಔಷಧವನ್ನು 350 ಡಾಲರಿಗೆ ಕೊಡುವುದಾಗಿ ಘೋಷಿಸಿದಾಗ, ಪಾಶ್ಚಾತ್ಯ ಕಂಪನಿಗಳ ಬೆಲೆ 10,000 ಡಾಲರಿಗೂ ಮಿಗಿಲಾಗಿತ್ತು. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಉಚಿತ ಚಿಕಿತ್ಸೆಯನ್ನು ಆರಂಭಿಸಿದಾಗ ಮೊದಲ ಪಟ್ಟಿಯ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆಯೆಂಬ ನೀತಿ ಬಂದಿತು. ದೇಶದಲ್ಲಿ ಸುಮಾರು 25 ಲಕ್ಷ ಸೋಂಕಿತರಿದ್ದಾರೆಂದು ಅಂದಾಜು, ಕರ್ನಾಟಕದಲ್ಲಿ 2.8 ಲಕ್ಷದಷ್ಟು. ಮಾತ್ರೆ ತಪ್ಪಿಸದವರು ಇಂದು ಬದುಕಿದ್ದಾರೆ, ದುಡಿಯುತ್ತಿದ್ದಾರೆ, ಮಕ್ಕಳ ಮದುವೆ ಮಾಡುತ್ತಿದ್ದಾರೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಬದುಕಿದವರಿಗೆ ವಯಸ್ಸಾಗುತ್ತದೆ. ವೈರಾಣು ಹತೋಟಿಯಲ್ಲಿದ್ದರೂ ದೇಹದೊಳಗಿನ ಉರಿಯೂತ ಪೂರ್ತಿ ಆರುವುದಿಲ್ಲ. ಹೃದಯರೋಗದ ಅಪಾಯ ಸೋಂಕಿತರಲ್ಲಿ ಇತರರಿಗಿಂತ ಸುಮಾರು ಎರಡು ಪಟ್ಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ವೈಫಲ್ಯ, ಮೂಳೆ ಸವೆತ ಇವೆಲ್ಲ ಅವರ ಮನೆಯ ಬಾಗಿಲಿಗೂ ಬರುತ್ತವೆ. ವೈರಾಣುವಿನಿಂದ ಪಾರಾದವನು ಲಕ್ವಕ್ಕೆ ಬಲಿಯಾದರೆ ನಾವು ಉಳಿಸಿದ್ದೇನು?

‘ಅದಕ್ಕೆಲ್ಲ ವಿದೇಶದಲ್ಲಿ ಸಂಶೋಧನೆ ನಡೆಯುತ್ತದೆ, ಫಲವನ್ನು ನಾವು ಬಳಸಿಕೊಂಡರಾಯಿತು’ ಎನ್ನುವವರಿದ್ದಾರೆ. ಮೂವತ್ತು ವರ್ಷಕ್ಕೂ ಮೀರಿ ವಿಜ್ಞಾನವನ್ನು ಬೋಧಿಸಿದ ನನಗೆ ಈ ವಾದ ಪಕ್ಕದವನ ಉತ್ತರ ಪತ್ರಿಕೆಯನ್ನು ನಕಲು ಮಾಡುವ ಹುಡುಗನನ್ನು ನೆನಪಿಸುತ್ತದೆ. ಪಕ್ಕದವನ ಪ್ರಶ್ನೆಪತ್ರಿಕೆಯೇ ಬೇರೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ಪಾವಗಡದ ನೀರನ್ನೇ ನೋಡಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಾನದಂಡ. ಅದನ್ನು ಮೀರಿದ ಕೊಳವೆಬಾವಿಗಳು ಈ ಸೀಮೆಗೆ ಹೊಸತಲ್ಲ. ತರಗತಿಯಲ್ಲಿ ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಕಾಣುತ್ತಿದ್ದ ಕಂದು ಪಟ್ಟೆಯೇ ಅದಕ್ಕೆ ಸಾಕ್ಷಿ. ದೇಹ ಸೇರಿದ ಫ್ಲೋರೈಡ್ ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೊರಹೋಗಬೇಕು. ಉಳಿದದ್ದು ಮೂಳೆಗೆ ಸೇರುತ್ತದೆ. ಮೂತ್ರಪಿಂಡ ಸೋತರೆ ಹೆಚ್ಚು ಉಳಿಯುತ್ತದೆ. ಇನ್ನು ಸೋಂಕಿತರಿಗೆ ಕೊಡುವ ಮಾತ್ರೆಯಲ್ಲಿರುವ ಟೆನೊಫೊವಿರ್ ಒಳ್ಳೆಯ ಔಷಧವೇ ಹೌದು. ಆದರೆ ಕೆಲವರಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ಮೂಳೆಯ ಸಾಂದ್ರತೆಯನ್ನೂ ತಗ್ಗಿಸುತ್ತದೆ. ಎರಡೂ ಒಂದೇ ದೇಹದಲ್ಲಿ ಇಪ್ಪತ್ತು ವರ್ಷ ಕೂಡಿ ಬಾಳಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಬಾಸ್ಟನ್ನಿನ ನೀರು ಕುಡಿಯುವವರಿಂದ ಉತ್ತರ ಸಿಗುವುದಿಲ್ಲ. ಇಲ್ಲಿನವರ ಮೂತ್ರಪಿಂಡವನ್ನೂ ಮೂಳೆಯನ್ನೂ ನೀರನ್ನೂ ಒಟ್ಟಿಗೆ ಪರೀಕ್ಷಿಸಿದರೆ ಮಾತ್ರ ಸಿಗುತ್ತದೆ. ಪರೀಕ್ಷಿಸದೆ ಮಾತ್ರೆ ಕೊಡುತ್ತಲೇ ಇರುವುದೆಂದರೆ ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದಂತೆ. ಮಾತ್ರೆಯನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ನಿಲ್ಲಿಸಿದರೆ ಜೀವಕ್ಕೇ ಅಪಾಯ. ಕೊಟ್ಟವರು ಕಣ್ಣಿಟ್ಟು ನೋಡಿ ಎನ್ನುತ್ತಿದ್ದೇನೆ.

ಬಡ ದೇಶಗಳಲ್ಲಿಯೇ ಸಂಶೋಧನೆ ನಡೆದರೆ ಏನು ತಿಳಿಯುತ್ತದೆ ಎಂಬುದಕ್ಕೆ ನಿದರ್ಶನಗಳಿವೆ. ಈಗ ನಮ್ಮಲ್ಲಿಯೂ ಕೊಡುತ್ತಿರುವ ಡೊಲುಟೆಗ್ರಾವಿರ್ ಇರುವ ಚಿಕಿತ್ಸೆಯಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ, ಮೈತೂಕ ಗಣನೀಯವಾಗಿ ಏರಬಹುದೆಂದು 2019ರಲ್ಲಿ ಎಚ್ಚರಿಸಿದ್ದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನಲ್ಲಿ 1,053 ಜನರ ಮೇಲೆ ನಡೆದ ‘ಅಡ್ವಾನ್ಸ್’ ಅಧ್ಯಯನ. 2023ರಲ್ಲಿ ಪ್ರಕಟವಾದ ‘ರಿಪ್ರೀವ್’ ಅಧ್ಯಯನದಲ್ಲಿ ಭಾರತವೂ ಸೇರಿ 12 ದೇಶಗಳ 7,769 ಸೋಂಕಿತರಿದ್ದರು. ಪಿಟವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆ ಹೃದಯಾಘಾತ, ಲಕ್ವದಂತಹ ಅವಘಡಗಳನ್ನು ಶೇಕಡ 35ರಷ್ಟು ತಗ್ಗಿಸಿತೆಂದು ಅದರಿಂದ ತಿಳಿಯಿತು.

ಈ ಎರಡಕ್ಕೂ ಹಣ ಎಲ್ಲಿಯದು? ಮೊದಲನೆಯದಕ್ಕೆ ನೆರವಾದವರಲ್ಲಿ ಯು.ಎಸ್.ಏಡ್ ಒಂದು, ಎರಡನೆಯದು ಮುಖ್ಯವಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನದಿಂದ ನಡೆಯಿತು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು. ಅದೇ ಜುಲೈನಲ್ಲಿ ಯು.ಎಸ್.ಏಡ್ ಬಾಗಿಲು ಮುಚ್ಚಿತು. ದಾನಿಯ ಮನಸ್ಸು ಬದಲಾದ ದಿನವೇ ನಮ್ಮ ಪ್ರಶ್ನೆಗಳು ಅನಾಥವಾಗುವುದಾದರೆ ಅವು ನಮ್ಮವು ಹೇಗಾದಾವು? ದೇಹ ನಮ್ಮದು, ಹಣ ಅವರದು, ಆದ್ದರಿಂದ ಪ್ರಶ್ನೆಯೂ ಅವರದು ಎಂಬ ಏರ್ಪಾಡು ಎಷ್ಟು ದಿನ ನಡೆದೀತು?

‘ನಮ್ಮಲ್ಲಿ ಹಣವೆಲ್ಲಿದೆ?’ ಎಂಬ ಮಾತಿಗೆ ಬರೋಣ. ಒಟ್ಟು ಸಂಶೋಧನೆಗೆ ಈ ದೇಶ ವ್ಯಯಿಸುವುದು ರಾಷ್ಟ್ರೀಯ ಉತ್ಪನ್ನದ ಶೇಕಡ 0.64ರಷ್ಟು. ಇದು ಬಡತನವಲ್ಲ, ಆದ್ಯತೆಯ ಕೊರತೆ. ಇದೇ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಎದ್ದಿತು. ಇಲ್ಲಿನ ಬಿಸಿಲನ್ನು ಅಳೆಯಲು ಬಂಡವಾಳ ಸಿಕ್ಕಿತು. ಇಲ್ಲಿನವರ ರಕ್ತವನ್ನು ಅಳೆಯಲು ಸಿಗದೆ? 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ಅದನ್ನು ಆರೋಗ್ಯಕ್ಕೆ ಬಳಸಲು ಕಾನೂನಿನ ಅಡ್ಡಿಯಿಲ್ಲ.

‘ಮೊದಲು ಆಸ್ಪತ್ರೆ ಸರಿಹೋಗಲಿ, ಆಮೇಲೆ ಸಂಶೋಧನೆ’ ಎಂಬ ಆಕ್ಷೇಪ ಮಾತ್ರ ಗಂಭೀರವಾದದ್ದು. ಆದರೆ ಇವೆರಡೂ ಸವತಿಯರಲ್ಲ. ಪಾವಗಡದಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ ರೋಗಿಗಳಿಗೆ ಸಲ್ಲಿಸಿದ ಸೇವೆಯನ್ನು ಬಲ್ಲವರಿಗೆ ಈ ಸೀಮೆಯಲ್ಲಿ ಸೇವಾಭಾವದ ಕೊರತೆಯಿಲ್ಲವೆಂದು ಗೊತ್ತು. ಸೇವೆಯ ಜೊತೆಗೆ ಶಿಸ್ತಿನ ದಾಖಲೆಯನ್ನಿಟ್ಟರೆ ಅದೇ ಸಂಶೋಧನೆಯ ಬೀಜ. ಸದುದ್ದೇಶವೊಂದೇ ಸಾಲದು ಎಂಬುದಕ್ಕೂ ಸಾಕ್ಷಿಯಿದೆ: ಮೊಬೈಲಿನಲ್ಲಿ ನೆನಪಿಸಿದರೆ ಚಿಕಿತ್ಸೆಯ ಫಲ ಹೆಚ್ಚುತ್ತದೆಂದು ಯಾರಾದರೂ ನಂಬಿಯಾರು. ಆದರೆ ದಕ್ಷಿಣ ಭಾರತದ 631 ಸೋಂಕಿತರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರಿಂದ ಅಂತಹ ಪ್ರಯೋಜನ ಕಾಣಲಿಲ್ಲ. ಅಳೆದು ನೋಡದೆ ಮಾಡುವ ಖರ್ಚು ಹೀಗೂ ವ್ಯರ್ಥವಾದೀತು.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟ. ಈ ನಾಲ್ಕು ತಾಲ್ಲೂಕುಗಳಲ್ಲಿ ಒಪ್ಪಿಗೆ ಕೊಟ್ಟ ಸೋಂಕಿತರನ್ನು ಕನಿಷ್ಠ ಐದು ವರ್ಷ ಅನುಸರಿಸುವ ಅಧ್ಯಯನಕ್ಕೆ ರಾಜ್ಯ ಸರ್ಕಾರವೇ ಹಣ ಕೊಡಲಿ. ಮಾತ್ರೆ ಪಡೆಯಲು ಬಂದ ದಿನವೇ ರಕ್ತದೊತ್ತಡ, ಸಕ್ಕರೆ, ಮೂತ್ರಪಿಂಡದ ಪರೀಕ್ಷೆಗಳಾಗಲಿ. ಇನ್ನೊಂದು ದಿನದ ಕೂಲಿಯನ್ನು ಕಳೆದುಕೊಂಡು, ನೂರು ಕಿಲೋಮೀಟರಿನಷ್ಟು ದೂರದ ತುಮಕೂರಿಗೆ ಪಾವಗಡದವರು ಮತ್ತೆ ಅಲೆಯುವಂತಾಗಬಾರದು. ಅವರ ಮನೆಯ ಕುಡಿಯುವ ನೀರಿನ ಪರೀಕ್ಷೆಯೂ ಜೊತೆಗೇ ಆಗಲಿ, ಯಾರ ಮನೆಯದೆಂದು ಊರಿಗೆ ತಿಳಿಯದಂತೆ. 2018ರಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾಯ್ದೆ ಸೋಂಕಿತರ ಗೌಪ್ಯವನ್ನು ಕಾಪಾಡಲು ಆದೇಶಿಸುತ್ತದೆ. ಹಳ್ಳಿಯಲ್ಲಿ ಒಂದು ಹೆಸರು ಹೊರಬಿದ್ದರೆ ಒಂದು ಕುಟುಂಬವೇ ಊರು ಬಿಡಬೇಕಾದೀತು.

ಓದುಗ ಮಿತ್ರರೇ, ನಿಮ್ಮ ಶಾಸಕರು ಎದುರಾದಾಗ ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳಿ. ‘ಮಾತ್ರೆ ಕೊಡುತ್ತಿದ್ದೇವಲ್ಲ’ ಎಂದು ಅವರು ಉತ್ತರಿಸಿದರೆ, ಆ ಮಾತ್ರೆ ನುಂಗಿದವರು ಇಪ್ಪತ್ತು ವರ್ಷಗಳ ಮೇಲೆ ಹೇಗಿದ್ದಾರೆಂದು ಮರುಪ್ರಶ್ನೆ ಹಾಕಿ.